ಮೊನಾಲಿಸಾ ನೋಡಿದರೆ ನನಗೇನೂ ಅನ್ನಿಸಲ್ಲ, ಯಾಕೆ?

ಅನ್ನಿಸದಿರುವುದು ಸಹಜ. ದಾವಣಗೆರೆಯಲ್ಲಿ ಕೂತೇ ಮೊಬೈಲ್ ಕವರ್, ಟೀ ಶರ್ಟ್, ಜಾಹೀರಾತು, ವಾಟ್ಸಾಪ್ ಜೋಕುಗಳಲ್ಲಿ ಆಕೆಯನ್ನು ಕಂಡು ಕಂಡು ಕಣ್ಣಿಗೆ ಜಡ್ಡು ಹಿಡಿದಿರುತ್ತದೆ. ಈ ಮಟ್ಟದ ಹೆಸರಿಗೆ ಕಲೆಯಷ್ಟೇ ಕಳ್ಳತನವೂ ಕಾರಣ: 1911ರಲ್ಲಿ ವಿನ್ಚೆಂಜೊ ಪೆರುಜಾ ಎಂಬ ಇಟಲಿಯವ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಿಂದ ಈ ಚಿತ್ರವನ್ನು ಕದ್ದ, 1913ರಲ್ಲಿ ಫ್ಲಾರೆನ್ಸ್‌ನಲ್ಲಿ ಸಿಕ್ಕಿಬಿತ್ತು. ನಡುವೆ ಜನ ಖಾಲಿ ಗೋಡೆ ನೋಡಲೂ ಹೋಗುತ್ತಿದ್ದರಂತೆ!

ಈ ಗದ್ದಲದಲ್ಲಿ ಮರೆಯಾದದ್ದು ಅದನ್ನು ಬರೆದ ಲಿಯೊನಾರ್ಡೊ ಡಾ ವಿಂಚಿಯ ಕೈಚಳಕ. ಪಾಪ್ಲರ್ ಮರದ ಹಲಗೆಯ ಮೇಲಿನ ತೈಲಚಿತ್ರ, ಬರೀ 77 ಸೆಂಟಿಮೀಟರ್ ಎತ್ತರ, 53 ಅಗಲ. ತುಟಿಯಂಚು, ಕಣ್ಣಂಚಿನಲ್ಲಿ ಗೆರೆಯೇ ಇಲ್ಲ. ತೆಳುವಾದ ಬಣ್ಣದ ಪದರಗಳಲ್ಲಿ ನೆರಳು ಕರಗಿದೆ. ನಗು ಇದೆಯೋ ಇಲ್ಲವೋ ಎನ್ನುವ ಗುಮಾನಿ ಹುಟ್ಟುವುದು ಅಲ್ಲೇ. ಅಗ್ಗದ ಪ್ರಿಂಟು ಮೊದಲು ನುಂಗುವುದೂ ಅದನ್ನೇ. ಮೂಲದಲ್ಲೂ ವಾರ್ನಿಷ್ ಹಳದಿಯಾಗಿ ಬಣ್ಣ ಮಂಕಾಗಿದೆ. ಮುಂದೆ ಗುಂಡುನಿರೋಧಕ ಗಾಜು, ಸೆಲ್ಫಿ ಜಾತ್ರೆ.

ನಮ್ಮೂರಿನ ದೃಶ್ಯಕಲಾ ಕಾಲೇಜಿನ ಹುಡುಗರು ಯಾರಾದರೂ ಪರಿಚಯವಿದ್ದರೆ ಜೊತೆಗೆ ಕೂರಿಸಿಕೊಂಡು ಒಳ್ಳೆಯ ರೆಸಲ್ಯೂಷನ್ನಿನ ಫೋಟೊ ತೆರೆಯಿರಿ. ಮುಖವನ್ನು ಅಂಗೈಯಿಂದ ಮುಚ್ಚಿ. ಕೈಗಳನ್ನು, ಬಲಗಡೆಯ ಸೇತುವೆಯನ್ನು, ಎಡಕ್ಕೂ ಬಲಕ್ಕೂ ಹೊಂದದ ದಿಗಂತವನ್ನು ನೋಡಿ. ಮುಖ ಆಮೇಲೆ.