ನೂರಕ್ಕೆ ಇನ್ನೂರು

ದಾವಣಗೆರೆಯ ಒಬ್ಬ ನಿವೃತ್ತ ಗಣಿತ ಮೇಷ್ಟ್ರು ಗೆರೆ ಎಳೆದ ಹಾಳೆಯಲ್ಲಿ ನಾಲ್ಕು ಪುಟ ಬರೆದಿದ್ದಾರೆ. ಸಾರಾಂಶ ಇಷ್ಟು: “ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ ಎಂಬುದು ಕ್ರೈಸ್ತರ ನಂಬಿಕೆ ಎಂದು ಕ್ರಿಸ್‌ಮಸ್ ಸಂಚಿಕೆಯಲ್ಲಿ ಬರೆದಿದ್ದೀರಿ. ನೂರು ಪರ್ಸೆಂಟಿಗೆ ನೂರು ಪರ್ಸೆಂಟ್ ಕೂಡಿಸಿದರೆ ಇನ್ನೂರು. ಇದು ಯಾವ ಲೆಕ್ಕ? ದೇವರಾಗಿದ್ದರೆ ಅವನು ಅತ್ತದ್ದು ನಾಟಕ. ಮನುಷ್ಯನಾಗಿದ್ದರೆ ಪೂಜೆ ಯಾಕೆ? ನಮ್ಮ ಅವತಾರಗಳ ಹಾಗೆ ಅದೂ ಒಂದು ಎಂದುಬಿಡಿ, ಮುಗೀತು. ಸಂಪಾದಕರು ಎರಡು ಸಾಲಿನಲ್ಲಿ ಉತ್ತರಿಸಬೇಕು.” ಪತ್ರದ ಜೊತೆ ತಮ್ಮದೊಂದು ಲೇಖನವನ್ನೂ ಇಟ್ಟಿದ್ದಾರೆ. ಅದರ ವಿಷಯ ಆಮೇಲೆ.

ಮೇಷ್ಟ್ರೇ, ಎರಡು ಸಾಲಿನಲ್ಲಿ ಆಗುವುದಿಲ್ಲ. ಆಗುವಂತಿದ್ದರೆ ನೈಸಿಯಾ, ಕಾನ್‌ಸ್ಟಾಂಟಿನೋಪಲ್, ಎಫೆಸಸ್, ಕ್ಯಾಲ್ಸಿಡನ್ ಎಂದು 325ರಿಂದ 451ರವರೆಗೆ ಕ್ರೈಸ್ತ ಬಿಷಪ್ಪರ ನಾಲ್ಕು ಮಹಾಸಭೆಗಳು ಬೇಕಾಗುತ್ತಿರಲಿಲ್ಲ.

ಮೊದಲು ನಿಮ್ಮ ಲೆಕ್ಕಕ್ಕೇ ಬರೋಣ. ಪರ್ಸೆಂಟ್ ಕೂಡಿಸುವುದು ಯಾವಾಗ? ಎರಡೂ ಒಂದೇ ಜಾಗಕ್ಕೆ ಪೈಪೋಟಿ ಮಾಡುವಾಗ. ಲೋಟದಲ್ಲಿ ನೀರು ಜಾಸ್ತಿಯಾದರೆ ಹಾಲು ಕಡಿಮೆ. ಆದರೆ ನೀವು ಮೂವತ್ತು ವರ್ಷ ಬರೆದ ಬೋರ್ಡು ಪೂರ್ತಿ ಕಪ್ಪು, ಪೂರ್ತಿ ಚೌಕ. ಅದಕ್ಕೆ ಇನ್ನೂರು ಅಂತೀರಾ? ದೇವರು ಮತ್ತು ಮನುಷ್ಯ ಒಂದೇ ಲೋಟದ ಹಾಲು ನೀರಲ್ಲ ಎಂಬುದು ಹಳೆಯ ಕ್ರೈಸ್ತ ಚಿಂತಕರ ನಿಲುವು.

ಬೋರ್ಡಿನ ಉದಾಹರಣೆಯಿಂದ ನಾನು ಗೆದ್ದೆ ಎಂದುಕೊಂಡಿಲ್ಲ. ಕಪ್ಪಿಗೂ ಚೌಕಕ್ಕೂ ಜಗಳವಿಲ್ಲ. ಎಲ್ಲ ಬಲ್ಲವನು ಎಂಬುದಕ್ಕೂ ಗೊತ್ತಿಲ್ಲ ಎಂಬುದಕ್ಕೂ ಜಗಳವಿದೆ. ಯೇಸುವಿನ ಬದುಕನ್ನು ಹೇಳುವ ಮಾರ್ಕನ ಸುವಾರ್ತೆಯ ಹದಿಮೂರನೇ ಅಧ್ಯಾಯದಲ್ಲಿ ಯೇಸು ತಾನೇ ಹೇಳುತ್ತಾನೆ, ಲೋಕದ ಕೊನೆಯ ದಿನ ಯಾವಾಗ ಎಂದು ಮಗನಿಗೂ, ಅಂದರೆ ತನಗೂ, ತಿಳಿಯದು, ತಂದೆಗೆ ಮಾತ್ರ ಗೊತ್ತು ಎಂದು. ನಿಮ್ಮ ಪ್ರಶ್ನೆಗೆ ಬಲ ಇರುವುದು ಅಲ್ಲಿ. ಆ ಬಲದಿಂದಲೇ ಅಲೆಕ್ಸಾಂಡ್ರಿಯಾದ ಆರಿಯಸ್ ಎಂಬ ಪಾದ್ರಿ ಮಗನಿಲ್ಲದ ಕಾಲವೊಂದಿತ್ತು, ಮಗನೂ ಸೃಷ್ಟಿಯೇ ಎಂದ. ದೇವರು ಒಬ್ಬನೇ ಎಂಬುದನ್ನು ಕಾಪಾಡಬೇಕೆಂಬ ಆಸೆ ಅವನಿಗಿತ್ತು. ಅದು ಸಣ್ಣ ಆಸೆಯಲ್ಲ. ನೈಸಿಯಾ ಸಭೆ ಅವನನ್ನು ತಳ್ಳಿಹಾಕಿತು. 2025ಕ್ಕೆ ಆ ಸಭೆಗೆ 1700 ವರ್ಷ ತುಂಬಿತು.

ನಿಮ್ಮ ಪರವಾಗಿ ಇಷ್ಟು ಹೇಳಿದ್ದು ಸಾಕು. ಇನ್ನು ನನ್ನ ಮಾತು ಕೇಳಿ.

ನಿಮ್ಮ ಅನುಮಾನವೆಲ್ಲ ಅವನು ದೇವರಾಗಿರುವುದು ಹೇಗೆ ಎಂಬುದರ ಮೇಲೆ. ಜನರಿಗೆ ಅದು ಯಾವತ್ತೂ ಅಷ್ಟು ಕಷ್ಟವಾಗಿರಲಿಲ್ಲ. ರೋಮಿನಲ್ಲಿ ಸತ್ತ ಚಕ್ರವರ್ತಿಯನ್ನೂ ದೇವರು ಮಾಡುತ್ತಿದ್ದರು. ಕಷ್ಟವಾದದ್ದು ಇನ್ನೊಂದು ಕಡೆ. ಅವನಿಗೆ ಹಸಿವಾಯಿತೇ? ದೋಣಿಯಲ್ಲಿ ತಲೆದಿಂಬಿಗೆ ಒರಗಿ ನಿದ್ದೆ ಹೋದನೇ? ದಣಿದು ಬಾವಿಕಟ್ಟೆಯ ಮೇಲೆ ಕೂತು, ಬೇರೆ ಜನಾಂಗದ ಹೆಂಗಸಿನ ಹತ್ತಿರ ನೀರು ಕೇಳಿದನೇ? ಸುವಾರ್ತೆಗಳು ಹೌದು ಅನ್ನುತ್ತವೆ. ಭಕ್ತರಿಗೆ ಅದೇ ಮುಜುಗರ. ಯೇಸು ಮನುಷ್ಯನ ಹಾಗೆ ಕಂಡ ಅಷ್ಟೆ, ನಿಜವಾಗಿ ನೋವು ತಿನ್ನಲಿಲ್ಲ ಎನ್ನುವ ಗುಂಪು ಬಹಳ ಬೇಗ ಹುಟ್ಟಿಕೊಂಡಿತು. ನಿಮ್ಮ “ನಾಟಕ” ಎಂಬ ಮಾತು ಅವರದೇ, ಮೇಷ್ಟ್ರೇ. ನೀವು ಅದನ್ನು ಬೈಗುಳವಾಗಿ ಹೇಳಿದಿರಿ, ಅವರು ಭಕ್ತಿಯಿಂದ ಹೇಳಿದರು.

ಅವರಿಗೆ ಉತ್ತರ ಕೊಟ್ಟವರಲ್ಲಿ ನನಗೆ ಇಷ್ಟವಾದವನು ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್. ಎರಡನೇ ಶತಮಾನದ ಮೊದಲ ಭಾಗ. ಅವನನ್ನು ಸೈನಿಕರು ಕೈದಿಯಾಗಿ ರೋಮಿಗೆ ಎಳೆದೊಯ್ಯುತ್ತಿದ್ದಾರೆ, ಮೃಗಗಳ ಬಾಯಿಗೆ ಹಾಕಲಿಕ್ಕೆ. ದಾರಿಯಲ್ಲಿ ಪತ್ರ ಬರೆಯುತ್ತಾನೆ. ಅದರಲ್ಲಿ ಮತ್ತೆ ಮತ್ತೆ ಒಂದೇ ಪದ: ನಿಜವಾಗಿ. ನಿಜವಾಗಿ ಹುಟ್ಟಿದ, ಉಂಡ, ಕುಡಿದ, ನಿಜವಾಗಿ ಶಿಲುಬೆಯ ಮೇಲೆ ಸತ್ತ. ಅವನು ನೋವು ತಿಂದದ್ದು ಬರೀ ತೋರಿಕೆಯಾದರೆ ನನಗೇಕೆ ಈ ಸಂಕೋಲೆ ಎಂದೂ ಕೇಳುತ್ತಾನೆ. ಕಾಲಿಗೆ ಸರಪಳಿ ಬಿದ್ದವನ ತರ್ಕ ಇದು. ಬೋರ್ಡಿನ ಮೇಲೆ ಬರೆಯುವಂಥದ್ದಲ್ಲ.

ಆಮೇಲೆ ಬಂದ ಬಿಷಪ್ ಅಪೊಲಿನಾರಿಸ್ ಇನ್ನೂ ಜಾಣ. ದೇಹ ಮನುಷ್ಯನದು, ಆದರೆ ಮನಸ್ಸಿನ ಜಾಗದಲ್ಲಿ ದೇವರು ಎಂದ. ಅಂದರೆ ಗಾಡಿ ನಮ್ಮದು, ಡ್ರೈವರ್ ಮಾತ್ರ ಮೇಲಿನವನು. ನಾಜಿಯಾಂಜಸ್‌ನ ಬಿಷಪ್ ಗ್ರೆಗರಿ ಒಪ್ಪಲಿಲ್ಲ. ಯೇಸು ಯಾವುದನ್ನು ತೊಡಲಿಲ್ಲವೋ ಅದು ವಾಸಿಯಾಗಲಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಕೆಟ್ಟಿರುವುದು ನಮ್ಮ ಮನಸ್ಸೇ ತಾನೇ? ಅದನ್ನು ಬಿಟ್ಟು ಬರೀ ದೇಹ ತೊಟ್ಟರೆ ವೈದ್ಯ ಬಂದು ಏನು ಪ್ರಯೋಜನ? ನಾನು ಕ್ರೈಸ್ತನಲ್ಲ. ಆದರೂ ಈ ಮಾತು ಓದಿದ ದಿನ ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ.

ಈ ಜಗಳ ಪಂಡಿತರಿಗೆ ಸೀಮಿತ ಅಂದುಕೊಳ್ಳಬೇಡಿ. ಇನ್ನೊಬ್ಬ ಗ್ರೆಗರಿ, ನಿಸ್ಸಾದವನು, 383ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್ ಪೇಟೆಯ ಬಗ್ಗೆ ಗೊಣಗಿದ್ದಾನೆ. ಚಿಲ್ಲರೆ ಕೇಳಿದರೆ ಅಂಗಡಿಯವನು ಮಗ ಹುಟ್ಟಿದವನೋ ಹುಟ್ಟದವನೋ ಎಂದು ಶುರುಮಾಡುತ್ತಾನಂತೆ. ರೊಟ್ಟಿಯ ಬೆಲೆ ಕೇಳಿದರೆ ತಂದೆ ದೊಡ್ಡವನು, ಮಗ ಚಿಕ್ಕವನು ಅನ್ನುತ್ತಾನೆ. ಸ್ನಾನಕ್ಕೆ ನೀರು ಕಾದಿದೆಯೇ ಅಂದರೆ ಮಗ ಶೂನ್ಯದಿಂದ ಬಂದವನು ಎಂಬ ಉತ್ತರ. ಈಗ ನಮ್ಮ ಬಸ್ಸಿನಲ್ಲಿ ಚಿಲ್ಲರೆ ಕೇಳಿದರೆ ಏನು ಸಿಗುತ್ತದೆ ಎಂದು ನಿಮಗೇ ಗೊತ್ತು.

ಕೊನೆಗೆ 451ರ ಅಕ್ಟೋಬರಿನಲ್ಲಿ ಕ್ಯಾಲ್ಸಿಡನ್‌ನಲ್ಲಿ ನೂರಾರು ಬಿಷಪ್ಪರು ಸೇರಿದರು. ಆ ಊರು ಈಗ ಇಸ್ತಾಂಬುಲ್ ನಗರದ ಕಾದಿಕೋಯ್ ಬಡಾವಣೆ. ಒಬ್ಬನೇ ವ್ಯಕ್ತಿ, ಎರಡು ಸ್ವಭಾವ, ದೇವರದೊಂದು ಮನುಷ್ಯನದೊಂದು, ಎಂದು ಅವರು ಬರೆದರು. ಎರಡೂ ಸೇರಿದ್ದು ಹೇಗೆ ಎಂದು ಹೇಳಿದರೇ? ಇಲ್ಲ. ಹೇಗೆ ಅಲ್ಲ ಎಂದು ಮಾತ್ರ ಹೇಳಿದರು, ನಾಲ್ಕು ಗ್ರೀಕ್ ಪದಗಳಲ್ಲಿ. ಕನ್ನಡಕ್ಕೆ ತಂದರೆ: ಬೆರೆಯದೆ, ಬದಲಾಗದೆ, ಒಡೆಯದೆ, ಅಗಲದೆ. ಎಷ್ಟು ಚೆನ್ನಾಗಿ ಕೂತಿವೆ ನೋಡಿ! ಇದನ್ನೇ ಕೆಲವರು ಸಂಸ್ಕೃತದ ಭಾರ ಹೊರಿಸಿ ಬರೆದು ಕಳಿಸುತ್ತಾರೆ, ಓದುವವನಿಗೆ ಉಸಿರು ಕಟ್ಟುತ್ತದೆ. ನಮ್ಮ ಆಡುಮಾತಿಗೆ ದೇವರ ವಿಷಯ ಹೇಳುವ ತಾಕತ್ತಿಲ್ಲ ಎಂದು ಯಾರು ಹೇಳಿದ್ದೋ. ವಚನಕಾರರ ನಾಡಿನಲ್ಲಿ ಕೂತು ಹೀಗೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇರಲಿ.

ಆ ನಾಲ್ಕು ಪದಗಳನ್ನು ನಾನು ಬೇಲಿ ಎಂದು ಓದುತ್ತೇನೆ. ಬೇಲಿಯ ಒಳಗೆ ಏನಿದೆಯೋ ಅದನ್ನು ಅವರು ಮುಟ್ಟಲಿಲ್ಲ. ಗಣಿತದವರಿಗೆ ಇದು ಹಿಡಿಸದಿರಬಹುದು.

ಎಲ್ಲರೂ ಒಪ್ಪಲಿಲ್ಲ ಎಂಬುದೂ ನಿಜ. ಈಜಿಪ್ಟಿನ ಕಾಪ್ಟರು, ಅರ್ಮೇನಿಯನ್ನರು, ಸಿರಿಯಾಕ್ ಸಭೆಯವರು “ಎರಡು ಸ್ವಭಾವ” ಎಂಬ ಮಾತನ್ನೇ ಒಪ್ಪದೆ ಬೇರೆಯಾದರು. ಆ ಪರಂಪರೆ ನಮ್ಮ ಪಕ್ಕದಲ್ಲೇ ಇದೆ. ಉಡುಪಿಯಿಂದ ಕುಂದಾಪುರದ ಕಡೆ ಹೋಗುವಾಗ ಸಿಗುವ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಸಿರಿಯನ್ ಕ್ರೈಸ್ತರಿದ್ದಾರೆ. ಗೋವಾ ಮೂಲದ ಪಾದ್ರಿ ಆಲ್ವಾರಿಸ್ 1889ರಲ್ಲಿ ಕೇರಳದ ಮಲಂಕರ ಸಭೆಯಲ್ಲಿ ಬಿಷಪ್ ಆದಾಗ ಅವರ ಜೊತೆ ಹೋದ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು. ಇನ್ನು ತಮಾಷೆ ಕೇಳಿ. 1973ರ ಮೇ ತಿಂಗಳಲ್ಲಿ ರೋಮಿನ ಪೋಪ್ ಆರನೇ ಪೌಲ್ ಮತ್ತು ಕಾಪ್ಟರ ಪೋಪ್ ಮೂರನೇ ಶೆನೂಡಾ ಕೂತು ಒಂದು ಹೇಳಿಕೆಗೆ ಸಹಿ ಹಾಕಿದರು. ಅದರಲ್ಲೂ ಇವೇ ಬೆರೆಯದೆ, ಒಡೆಯದೆಗಳು, ನಾಲ್ಕಕ್ಕಿಂತ ಎರಡು ಜಾಸ್ತಿ! ಒಂದೇ ನಂಬಿಕೆಯನ್ನು ಬೇರೆ ಬೇರೆ ಮಾತಿನಲ್ಲಿ ಹೇಳುತ್ತಿದ್ದೆವು ಎಂಬಲ್ಲಿಗೆ ಬರಲು 1500 ವರ್ಷ ಬೇಕಾಯಿತು.

ನೀವು ಹೇಳಿದ ಅವತಾರಕ್ಕೆ ಬರುತ್ತೇನೆ. ಯೋಹಾನನ ಸುವಾರ್ತೆಯ ಹಳೆಯ ಕನ್ನಡ ಅನುವಾದದಲ್ಲಿ ವಾಕ್ಯ, ಅಂದರೆ ದೇವರ ಮಗ, “ನರಾವತಾರ ಎತ್ತಿ” ಎಂದೇ ಇದೆ. ಅನುವಾದಕರು ನಿಮ್ಮ ಕಡೆಯವರೇ. ಜಗತ್ತನ್ನು ಹೊತ್ತವನನ್ನು ತಾಯಿ ತೊಟ್ಟಿಲಲ್ಲಿ ತೂಗುವ ಸೋಜಿಗವನ್ನು ನಮ್ಮ ದಾಸರಿಗೆ ಯಾರೂ ಕಲಿಸಬೇಕಿರಲಿಲ್ಲ. ಆದರೆ ಗ್ರೀಕ್ ಮೂಲದಲ್ಲಿ ಇರುವ ಪದ ಇನ್ನೂ ಒರಟು: ಮಾಂಸವಾದನು. ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮ ಅವತಾರ ಕೆಲಸ ಮುಗಿಸಿ ಹೋಗುತ್ತದೆ, ಯುಗ ಬದಲಾದರೆ ಇನ್ನೊಂದು ರೂಪ. ಕ್ರೈಸ್ತರ ನಂಬಿಕೆಯಲ್ಲಿ ಹಾಗಿಲ್ಲ. ಸತ್ತು ಮತ್ತೆ ಎದ್ದು ಬಂದ ಯೇಸು ಶಿಷ್ಯರ ಮುಂದೆ ಸುಟ್ಟ ಮೀನು ತಿನ್ನುತ್ತಾನೆ. ನಂಬದ ಶಿಷ್ಯ ತೋಮನಿಗೆ ಕೈಯ ಗಾಯ ತೋರಿಸುತ್ತಾನೆ. ಒಮ್ಮೆ ತೊಟ್ಟ ಮನುಷ್ಯತನವನ್ನು ಅವನು ಕಳಚಿಡಲೇ ಇಲ್ಲ. “ಅದೂ ಒಂದು” ಎಂದುಬಿಟ್ಟರೆ ಎರಡೂ ಕಡೆಯವರಿಗೆ ಅನ್ಯಾಯ ಅಲ್ವಾ?

ನನಗೆ ಇದೆಲ್ಲ ಮೊದಲು ಗೊತ್ತಾದದ್ದು ಪುಸ್ತಕದಿಂದಲ್ಲ. ಚಿಕ್ಕವನಿದ್ದಾಗ ಕರಾವಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ನಾವು ಬಾಯಮ್ಮ ಅನ್ನುತ್ತಿದ್ದೆವು. ಗುಡ್ ಫ್ರೈಡೇ ದಿನ ಅವರು ಜಗಲಿಯಲ್ಲಿ ಸಪ್ಪೆ ಮುಖ ಮಾಡಿ ಕೂತಿದ್ದರು. ಏನಾಯಿತು ಅಂದೆ. “ಬಾಯಾರಿಕೆ ಅಂದ್ರೆ ಹುಳಿ ಕೊಟ್ರು ಮಗಾ, ಒಂದು ಲೋಟ ನೀರು ಕೊಡ್ಲಿಲ್ಲ” ಅಂದರು. ನಿನ್ನೆ ನಮ್ಮ ಕೇರಿಯಲ್ಲೇ ನಡೆದದ್ದೇನೋ ಎಂಬ ಹಾಗೆ. ಯಾರಿಗೆ ಎಂದು ನಾನು ಕೇಳಲಿಲ್ಲ. ಮನೆಗೆ ಹೋಗಿ ಒಂದು ತಂಬಿಗೆ ನೀರು ತಂದು ಅವರಿಗೆ ಕೊಟ್ಟೆ.

ದೊಡ್ಡವನಾಗಿ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದಾಗ ಗುಡ್ ಫ್ರೈಡೇ ಪುರವಣಿಗೆ ಒಂದು ಚಿತ್ರ ಆರಿಸಿದೆ. ಜರ್ಮನ್ ಕಲಾವಿದ ಹೋಲ್ಬೈನ್ 1520ರ ದಶಕದ ಆರಂಭದಲ್ಲಿ ಬರೆದದ್ದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದೆ. ಹೌದು, ನಮ್ಮ ಮಂಗಳೂರಿಗೆ ಮಿಷನ್ ಬಂದದ್ದೂ ಹಂಚಿನ ಕಾರ್ಖಾನೆ ಬಂದದ್ದೂ ಅದೇ ಊರಿನಿಂದ. ಚಿತ್ರ ಎರಡು ಮೀಟರ್ ಉದ್ದ, ಎತ್ತರ ಬರೀ ಒಂದು ಅಡಿ. ಕಲ್ಲಿನ ಗೂಡಿನಲ್ಲಿ ಅಂಗಾತ ಮಲಗಿಸಿದ ಯೇಸುವಿನ ಹೆಣ. ಬಾಯಿ ತೆರೆದಿದೆ, ಕಣ್ಣು ಅರೆ ತೆರೆದಿದೆ, ಕೈ ಹಸಿರುಗಟ್ಟಿದೆ. 1867ರಲ್ಲಿ ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿ ಅದನ್ನು ನೋಡಿ ಕಲ್ಲಾಗಿ ನಿಂತುಬಿಟ್ಟ. ಎಲ್ಲಿ ಮೂರ್ಛೆ ರೋಗ ಬರುತ್ತದೋ ಎಂದು ಹೆಂಡತಿ ಹೆದರಿದಳು. ನಮ್ಮ ಮುಖ್ಯಸ್ಥರು ನೋಡಿ, “ಹಬ್ಬದ ದಿನ ಓದುಗರಿಗೆ ಹೆಣ ತೋರಿಸ್ತೀಯೇನಯ್ಯಾ?” ಅಂದರು. ನೀಲಿ ಕಣ್ಣಿನ, ಕುರಿಮರಿ ಹಿಡಿದ ಯೇಸು ಅಚ್ಚಾದ. ಅಷ್ಟು ವರ್ಷ ಪತ್ರಿಕೆ ನಡೆಸಿದವರಿಗೆ ಗುಡ್ ಫ್ರೈಡೇ ಸಾವಿನ ದಿನ ಎಂಬುದೂ ಮರೆತುಹೋಗಿತ್ತು.

ನನ್ನ ದೂರು ಇದೇ. ಮನುಷ್ಯನನ್ನು ಮನುಷ್ಯನಾಗಿ ನೋಡಲು ನಮಗೆ ಧೈರ್ಯವಿಲ್ಲ. ಈ ಮೇಜಿಗೆ ತಿಂಗಳಿಗೆ ಹತ್ತಾರು ಶ್ರದ್ಧಾಂಜಲಿ ಬರುತ್ತವೆ. ಯಾರಿಗೂ ಹಲ್ಲುನೋವು ಬಂದಿಲ್ಲ, ಯಾರೂ ಸಾಲ ಮಾಡಿಲ್ಲ, ಹೆಂಡತಿಯ ಮೇಲೆ ರೇಗಿಲ್ಲ. ಎಲ್ಲರೂ “ಅಜಾತಶತ್ರು”. ಜಯಂತಿಗೆ ಮೆರವಣಿಗೆ ಮಾಡುತ್ತೇವೆ, ಪ್ರತಿಮೆಗೆ ಬಣ್ಣ ಬಳಿಯುತ್ತೇವೆ. ಆ ಪುಣ್ಯಾತ್ಮರು ಏನು ಉಣ್ಣುತ್ತಿದ್ದರು ಎಂದು ಬರೆದರೆ ಕಚೇರಿಗೆ ಫೋನ್ ಬರುತ್ತದೆ, ಭಾವನೆಗೆ ಧಕ್ಕೆಯಾಯಿತು ಎಂದು. ಸುವಾರ್ತೆ ಬರೆದವರಿಗೆ ಈ ಅಂಜಿಕೆ ಇದ್ದಿದ್ದರೆ ಗೆಳೆಯ ಲಾಜರ ಸತ್ತಾಗ ಯೇಸು ಅತ್ತದ್ದನ್ನು ಬರೆಯುತ್ತಿರಲಿಲ್ಲ. “ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ” ಎಂದು ಶಿಲುಬೆಯ ಮೇಲೆ ಕೂಗಿದ್ದನ್ನಂತೂ ಮುಚ್ಚಿಡುತ್ತಿದ್ದರು. ಮಾರ್ಕ ಅದನ್ನು ಯೇಸುವಿನ ಮನೆಮಾತಾದ ಅರಾಮಿಕ್‌ನಲ್ಲೇ ಉಳಿಸಿದ್ದಾನೆ.

ಈಗ ನಿಮ್ಮ ಲೇಖನ. ನಿಮಗೆ ಗಣಿತ ಕಲಿಸಿದ ಗುರುಗಳ ಬಗ್ಗೆ ಚೆನ್ನಾಗಿ ಬರೆದಿದ್ದೀರಿ, ಭಾಷೆ ಶುದ್ಧ, ಅಕ್ಷರ ಮುತ್ತು. ಆದರೆ ಆರು ಪುಟದಲ್ಲಿ ಅವರು ಒಮ್ಮೆಯೂ ಕೆಮ್ಮಲಿಲ್ಲ. ಅವರಿಗೆ ಯಾವ ತಿಂಡಿ ಇಷ್ಟ? ಬೋರ್ಡಿನ ಮೇಲೆ ಲೆಕ್ಕ ತಪ್ಪಿದಾಗ ಏನು ಮಾಡುತ್ತಿದ್ದರು? ನಿಮಗೆ ಹೊಡೆದಿದ್ದರೇ? ಲೇಖನವನ್ನು ಈ ಪತ್ರದ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಎರಡು ಪ್ಯಾರಾ ಸೇರಿಸಿ ಹದಿನೈದನೇ ತಾರೀಖಿನೊಳಗೆ ತಲುಪಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ