ಪ್ರಯೋಗಶಾಲೆ ಪ್ರಶ್ನೋತ್ತರ: ಶಿರಸಿಯಲ್ಲಿ ನೀರು 98ಕ್ಕೇ ಕುದಿಯುತ್ತದೆ, ಥರ್ಮಾಮೀಟರ್ ಕೆಟ್ಟಿದೆಯೆ?

ಪ್ರಶ್ನೆ: ನೀರಿನ ಕುದಿಬಿಂದು ತೋರಿಸುವಾಗ ನಮ್ಮ ಥರ್ಮಾಮೀಟರ್ 97, ಹೆಚ್ಚೆಂದರೆ 98ಕ್ಕೆ ನಿಂತುಬಿಡುತ್ತದೆ. ಮಕ್ಕಳು ರೆಕಾರ್ಡ್ ಪುಸ್ತಕದಲ್ಲಿ ಮಾತ್ರ 100 ಅಂತಲೇ ಬರೆಯುತ್ತಾರೆ. ಹೊಸ ಥರ್ಮಾಮೀಟರ್ ತರಿಸಬೇಕೆ?
– ಪ್ರೌಢಶಾಲಾ ಶಿಕ್ಷಕಿ, ಶಿರಸಿ

ಉತ್ತರ: ಸದ್ಯಕ್ಕೆ ಬೇಡ ಮೇಡಂ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವಂತೆ 760 ಮಿ.ಮೀ. ಪಾದರಸ ಇರುವುದಿಲ್ಲ, 710ರ ಆಸುಪಾಸು ಇರುತ್ತದೆ. ಒತ್ತಡ ಕಡಿಮೆಯಾದಷ್ಟೂ ನೀರು ಕಡಿಮೆ ಕಾವಿಗೇ ಕುದಿಯುತ್ತದೆ. ಪ್ರತಿ 300 ಮೀಟರ್ ಏರಿದಂತೆ ಕುದಿಬಿಂದು ಹೆಚ್ಚುಕಡಿಮೆ 1 ಡಿಗ್ರಿ ಇಳಿಯುತ್ತದೆ. ಲೆಕ್ಕ ಹಾಕಿದರೆ ನಿಮ್ಮೂರಿನಲ್ಲಿ 98 ಡಿಗ್ರಿಯೇ ಸರಿ. 100 ತೋರಿಸಿದ್ದರೆ ಆಗ ಥರ್ಮಾಮೀಟರಿನ ಮೇಲೆ ಅನುಮಾನಪಡಬೇಕಿತ್ತು.

97 ಬರುವುದಕ್ಕೆ ಬೇರೆ ಕಾರಣವಿದೆ. ಲ್ಯಾಬಿನ ಅನೇಕ ಪಾದರಸದ ಥರ್ಮಾಮೀಟರುಗಳಿಗೆ ಗುರುತು ಹಾಕುವಾಗ ಪಾದರಸದ ಎಳೆಯೆಲ್ಲ ಬಿಸಿಯೊಳಗೇ ಇರುತ್ತದೆ ಎಂದಿಟ್ಟುಕೊಂಡಿರುತ್ತಾರೆ. ನಮ್ಮ ಪ್ರಯೋಗದಲ್ಲಿ 70 ಡಿಗ್ರಿಯಷ್ಟು ಎಳೆ ಬೂಚಿನ ಹೊರಗೆ ತಂಪು ಗಾಳಿಯಲ್ಲಿ ನಿಂತಿದ್ದರೆ, ಅದೊಂದರಿಂದಲೇ ಅರ್ಧ ಡಿಗ್ರಿಗಿಂತ ಹೆಚ್ಚು ಕಡಿಮೆ ತೋರಿಸುತ್ತದೆ. ಥರ್ಮಾಮೀಟರಿನ ಬುಡ್ಡಿ ನೀರಿನಲ್ಲಿ ಮುಳುಗದೆ, ನೀರಿನ ಮೇಲ್ಮೈಗಿಂತ ಸ್ವಲ್ಪ ಮೇಲೆ, ಹಬೆಯಲ್ಲಿ ಇರಲಿ. ಫ್ಲಾಸ್ಕಿನ ತಳಕ್ಕೆ ತಾಗಿದರೆ ತಪ್ಪು ಓದು ಖಂಡಿತ. ನೀರು ಎಗರಿ ಎಗರಿ ಕುದಿಯದಂತೆ ಒಡೆದ ಪಿಂಗಾಣಿಯ ನಾಲ್ಕೈದು ಚೂರು ಹಾಕಿ. ಬೂಚಿಗೆ ಎರಡು ತೂತು ಇರಲೇಬೇಕು, ಒಂದು ಥರ್ಮಾಮೀಟರಿಗೆ, ಇನ್ನೊಂದು ಹಬೆ ಹೊರಹೋಗಲಿಕ್ಕೆ. ಹಬೆಗೆ ದಾರಿಯಿಲ್ಲದಿದ್ದರೆ ಒಳಗೆ ಒತ್ತಡ ಏರಿ ಓದು ಹೆಚ್ಚುತ್ತದೆ, ಬೂಚು ಹಾರಿ ಯಾರದಾದರೂ ಮುಖಕ್ಕೂ ಬಡಿಯಬಹುದು.

ಮೊದಲು ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ಡಿಸ್ಟಿಲ್ಡ್ ವಾಟರ್ ಹಾಕಿ, ಕಲಕಿ, ಎರಡು ನಿಮಿಷ ಬಿಟ್ಟು ಸೊನ್ನೆ ಬರುತ್ತದೆಯೆ ನೋಡಿ. ಮೀನಿನ ಪೆಟ್ಟಿಗೆಯ ಐಸ್ ಬೇಡ, ಉಪ್ಪು ತಗಲಿದ್ದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಇನ್ನೂ ಒಳ್ಳೆಯ ಪಾಠ ಬೇಕೆಂದರೆ ಕಡಲತೀರದ ಕುಮಟಾದ ಒಂದು ಶಾಲೆಯ ಜೊತೆ ಮಾತಾಡಿಕೊಳ್ಳಿ. ಅದೇ ಥರ್ಮಾಮೀಟರ್, ಅದೇ ಫ್ಲಾಸ್ಕ್ ಘಟ್ಟ ಇಳಿದು ಹೋಗಲಿ. ಥರ್ಮಾಮೀಟರಿನ ಸ್ವಂತ ದೋಷ ಎರಡೂ ಕಡೆ ಒಂದೇ ಆದ್ದರಿಂದ ವ್ಯತ್ಯಾಸ ಮಾತ್ರ ಶುದ್ಧವಾಗಿ ಉಳಿಯುತ್ತದೆ, ಸುಮಾರು 2 ಡಿಗ್ರಿ. ರೆಕಾರ್ಡಿನಲ್ಲಿ ಕಂಡಷ್ಟನ್ನೇ ಬರೆಸಿ. ಪರೀಕ್ಷೆಯಲ್ಲಿ ಮಾತ್ರ ‘ಸಮುದ್ರಮಟ್ಟದ ಒತ್ತಡದಲ್ಲಿ 100’ ಎಂದು ಷರತ್ತು ಸೇರಿಸಿ ಬರೆಯಲಿ.

ಪ್ರಶ್ನೆ: ಪಿಯುಸಿ ವಿದ್ಯಾರ್ಥಿಗಳಿಂದ ಸಮುದ್ರದ ನೀರು ಆವಿ ಮಾಡಿಸಿ ಉಪ್ಪಿನ ಪ್ರಮಾಣ ಅಳೆಸಿದರೆ ಒಬ್ಬರಿಗೆ ಲೀಟರಿಗೆ 41 ಗ್ರಾಂ, ಇನ್ನೊಬ್ಬರಿಗೆ 33. ತಕ್ಕಡಿಯ ಮೇಲೆ ಇಟ್ಟಲ್ಲೇ ತೂಕ ಏರುತ್ತ ಹೋಗುತ್ತದೆ.
– ರಸಾಯನಶಾಸ್ತ್ರ ಉಪನ್ಯಾಸಕರು, ಕಾರವಾರ

ಉತ್ತರ: ತಕ್ಕಡಿ ಸರಿಯಾಗಿಯೇ ಇದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ, ಕಾರವಾರದ ಗಾಳಿಯಲ್ಲಿ ತೇವಕ್ಕೇನೂ ಬರವಿಲ್ಲ. ಒಣಗಿಸಲು 105 ಡಿಗ್ರಿ ಸಾಲದು, ಹರಳಿನೊಳಗಿನ ನೀರು ಉಳಿದು ತೂಕ ಹೆಚ್ಚು ಬರುತ್ತದೆ. ಬರ್ನರ್ ಮೇಲಿಟ್ಟು ಜೋರಾಗಿ ಕಾಯಿಸಿದರೆ ಅದೇ ಕ್ಲೋರೈಡ್ ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಆವಿಯಾಗಿ ಹೋಗಿ ತೂಕ ಕಡಿಮೆಯಾಗುತ್ತದೆ. ನಿಮ್ಮ 41 ಮತ್ತು 33 ಎರಡಕ್ಕೂ ಇದೇ ಕಾರಣವಿರಬಹುದು. ಆಗರಗಳಲ್ಲಿ ಉಪ್ಪು ಕಟ್ಟಿದ ಮೇಲೆ ಉಳಿಯುವ ಕಹಿ ನೀರಿನಲ್ಲಿ ತುಂಬಿರುವುದೂ ಈ ಮೆಗ್ನೀಷಿಯಮ್ಮೇ. ಉಪ್ಪಿನ ಆಗರಗಳಿರುವ ಸಾಣಿಕಟ್ಟಾಕ್ಕೆ ಮಕ್ಕಳನ್ನು ಕರೆದೊಯ್ದರೆ ಅದನ್ನು ಕಣ್ಣಾರೆ ತೋರಿಸಿ.

ಆವಿ ಮಾಡಿ ತೂಗುವುದನ್ನು ಬಿಟ್ಟು ಕ್ಲೋರೈಡ್ ಟೈಟ್ರೇಷನ್‌ಗೆ ಬನ್ನಿ, ಅಂದರೆ ಬಣ್ಣ ಬದಲಾಗುವ ತನಕ ಇನ್ನೊಂದು ದ್ರಾವಣವನ್ನು ಹನಿಸಿ ಕ್ಲೋರೈಡ್ ಅಳೆಯುವುದು. ಸಮುದ್ರದ ನೀರನ್ನು ಸೋಸಿ, 10 ಮಿ.ಲೀ. ಪಿಪೆಟ್ಟಿನಲ್ಲಿ ತೆಗೆದು, 100 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕಿನಲ್ಲಿ ಗುರುತಿನ ತನಕ ಡಿಸ್ಟಿಲ್ಡ್ ವಾಟರ್ ತುಂಬಿಸಿ. ಈ ದ್ರಾವಣದ 10 ಮಿ.ಲೀ.ಗೆ ಶೇ. 5ರ ಪೊಟ್ಯಾಸಿಯಂ ಕ್ರೋಮೇಟ್ 1 ಮಿ.ಲೀ. ಹಾಕಿ, 0.05 ಮೋಲಾರ್ ಸಿಲ್ವರ್ ನೈಟ್ರೇಟಿನಿಂದ ಟೈಟ್ರೇಟ್ ಮಾಡಿ. 100 ಮಿ.ಲೀ. ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ 0.85 ಗ್ರಾಂ ಸಾಕು. ದುಬಾರಿ ವಸ್ತು, ಲೀಟರುಗಟ್ಟಲೆ ಮಾಡಿಡಬೇಡಿ. ತೆರೆದ ಕಡಲಿನ ನೀರಾದರೆ ಬ್ಯುರೆಟ್ಟಿನಲ್ಲಿ 11 ಮಿ.ಲೀ. ಹತ್ತಿರ ಖರ್ಚಾಗುತ್ತದೆ. 11 × 0.05 × 35.45 = 19.5, ಇದು ಲೀಟರಿಗೆ ಗ್ರಾಂ ಲೆಕ್ಕದಲ್ಲಿ ಕ್ಲೋರೈಡ್. ಅದನ್ನು 1.807ರಿಂದ ಗುಣಿಸಿದರೆ ಒಟ್ಟು ಉಪ್ಪು ಸುಮಾರು 35. ಕಾಳಿ ನದಿಯ ಬಾಯಿಯ ಹತ್ತಿರ ತುಂಬಿದ ನೀರಿಗೆ ಕಡಿಮೆ ಬಂದರೆ ಗಾಬರಿ ಬೇಡ, ಸೇತುವೆ ಬಳಿಯದನ್ನೂ ಕಡಲ ದಂಡೆಯದನ್ನೂ ಹೋಲಿಸುವುದೇ ಒಂದು ಪ್ರಾಜೆಕ್ಟ್ ಆಗುತ್ತದೆ.

ಎಡವುವುದು ಹೆಚ್ಚಾಗಿ ಕೊನೆಯ ಬಿಂದುವಿನಲ್ಲಿ. ಹಳದಿ ಹಾಲಿನಂತಿದ್ದದ್ದು ಅಲುಗಾಡಿಸಿದ ಮೇಲೂ ಉಳಿಯುವಷ್ಟು ತೆಳುವಾದ ಇಟ್ಟಿಗೆ ಛಾಯೆಗೆ ತಿರುಗಿದರೆ ಸಾಕು, ಅಲ್ಲಿಗೇ ನಿಲ್ಲಿಸಿ. ಕೆಂಪಗಾಗಲಿ ಎಂದು ಕಾದರೆ 1 ಮಿ.ಲೀ. ಹೆಚ್ಚು ಹೋಗಿರುತ್ತದೆ. ನೀರು ದುರ್ಬಲಗೊಳಿಸದೆ ಮಾಡಿದರೆ 110 ಮಿ.ಲೀ. ಬೇಕು, ಮೊಸರಿನಂಥ ಒತ್ತರದಲ್ಲಿ (ಕರಗದೆ ಉಳಿಯುವ ಗಟ್ಟಿ ಭಾಗದಲ್ಲಿ) ಬಣ್ಣವೇ ಕಾಣುವುದಿಲ್ಲ. ಬಾವಿ ನೀರಿನಲ್ಲಿ ದ್ರಾವಣ ಮಾಡಿದರೆ ಅದರದೇ ಕ್ಲೋರೈಡ್ ಸೇರಿಕೊಳ್ಳುತ್ತದೆ. ಕ್ರೋಮೇಟ್ ವಿಷ, ಕೈಗವಸು ಹಾಕಿಸಿ. ಉಳಿದದ್ದನ್ನು ಸಿಂಕಿಗೆ ಚೆಲ್ಲದೆ ಬಾಟಲಿಯಲ್ಲಿ ಕೂಡಿಡಿ.

ಪ್ರಶ್ನೆ: ಮುರುಗಲು ಸಿಪ್ಪೆಯ ರಸವನ್ನು ಸೂಚಕವಾಗಿ ಬಳಸಿದರೆ ಸುಣ್ಣದ ತಿಳಿಗೆ ಬಣ್ಣ ಬದಲಾಗುವುದೇ ಇಲ್ಲ. ದಾಸವಾಳದಲ್ಲಿ ತಕ್ಷಣ ಆಗುತ್ತದೆ.
– ಶಿಕ್ಷಕ, ಹೊನ್ನಾವರ

ಉತ್ತರ: ಮುರುಗಲಿನ ಕೆಂಪು ಬಣ್ಣವೂ ದಾಸವಾಳದಲ್ಲಿರುವಂತೆ ಆಮ್ಲ-ಪ್ರತ್ಯಾಮ್ಲಕ್ಕೆ ಬಣ್ಣ ಬದಲಿಸುವ ಆಂಥೋಸಯನಿನ್ನೇ, ಆದರೆ ಅದರ ಜೊತೆಗೆ ಹುಳಿಯೂ ಬಹಳ ಇದೆ. ನೀವು ಹಾಕಿದ ಸುಣ್ಣದ ತಿಳಿಯನ್ನೆಲ್ಲ ಆ ಹುಳಿ ತಿಂದುಹಾಕುತ್ತದೆ. ಉಪ್ಪು ಹಾಕದೆ ಒಣಗಿಸಿದ ಐದಾರು ಸಿಪ್ಪೆಯನ್ನು 100 ಮಿ.ಲೀ. ಬಿಸಿ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಸೋಸಿ, ಹತ್ತು ಪಾಲು ನೀರು ಬೆರೆಸಿ. ಅದಕ್ಕೆ ತೆಳುವಾದ ಅಡುಗೆ ಸೋಡಾ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತ, ಕೆಂಪು ಮಾಸಿ ನೇರಳೆಗೆ ತಿರುಗುವ ಹೊತ್ತಿಗೆ ನಿಲ್ಲಿಸಿ ಮಕ್ಕಳಿಗೆ ಹಂಚಿ. ಈಗ ನಿಂಬೆರಸ ಹಾಕಿದರೆ ಕೆಂಪು, ಸುಣ್ಣದ ತಿಳಿ ಹಾಕಿದರೆ ನೀಲಿ-ಹಸಿರು. ಒಂದು ನಿಮಿಷದೊಳಗೆ ಬರೆದುಕೊಳ್ಳಲಿ. ಗಟ್ಟಿ ಪ್ರತ್ಯಾಮ್ಲದಲ್ಲಿ ಬಣ್ಣದ ಅಣುವೇ ಒಡೆದು ಹಳದಿಯಾಗುತ್ತದೆ, ಆಮೇಲೆ ಆಮ್ಲ ಹಾಕಿದರೂ ಮೊದಲಿನ ಕೆಂಪು ಪೂರ್ತಿ ಬಾರದು.

ಪ್ರಶ್ನೆ: ಪ್ರತಿ ಮಳೆಗಾಲ ಮುಗಿದಾಗ ಮೈಕ್ರೋಸ್ಕೋಪಿನ ಲೆನ್ಸಿನಲ್ಲಿ ಜೇಡರ ಬಲೆಯಂಥ ಗೆರೆಗಳು.
– ಜೀವಶಾಸ್ತ್ರ ಉಪನ್ಯಾಸಕಿ, ಕುಮಟಾ

ಉತ್ತರ: ಬೂಷ್ಟು. ಹೊರಗಿನದಾದರೆ ಮೊದಲು ರಬ್ಬರ್ ಬಲ್ಬಿನಿಂದ ಧೂಳು ಊದಿ, ಲೆನ್ಸ್ ಪೇಪರಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಹಾಕಿ ಹಗುರವಾಗಿ ಒರೆಸಿ. ಸೀರೆ ಸೆರಗು, ಕರವಸ್ತ್ರ ಎರಡೂ ಬೇಡ. ಒಳಗೆ ಹೊಕ್ಕಿದ್ದರೆ ರಿಪೇರಿಯವರೇ ಬಿಚ್ಚಬೇಕು, ಗಾಜನ್ನೇ ಕೊರೆದಿದ್ದರೆ ಅವರಿಂದಲೂ ಆಗದು. ಮುಂದಿನ ಜೂನ್‌ಗೆ ಮೊದಲೇ ಆಬ್ಜೆಕ್ಟಿವ್‌ಗಳನ್ನು ಬಿಚ್ಚಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಜೆಲ್ ಗುಲಾಬಿಯಾದಾಗ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ಜೊತೆಗೆ ಬಂದ ಮರದ ಪೆಟ್ಟಿಗೆ ತಾನೇ ತೇವ ಹಿಡಿದುಕೊಳ್ಳುತ್ತದೆ. ಕಪಾಟಿನಲ್ಲಿ ಬಲ್ಬ್ ಉರಿಸುವುದಾದರೆ ಹಳೆಯ ಫಿಲಮೆಂಟ್ ಬಲ್ಬೇ ಬೇಕು, ಎಲ್‌ಇಡಿಗೆ ಅಷ್ಟು ಕಾವಿಲ್ಲ.

ಪ್ರಶ್ನೆ: ನಮ್ಮಲ್ಲಿ ನೆರಳಿಲ್ಲದ ದಿನ ಯಾವಾಗ?
– ವಿಜ್ಞಾನ ಸಂಘ, ಅಂಕೋಲಾದ ಒಂದು ಪ್ರೌಢಶಾಲೆ

ಉತ್ತರ: ಸೂರ್ಯ ನಿಮ್ಮ ನೆತ್ತಿಯ ನೇರಕ್ಕೆ ಬರುವುದು ಏಪ್ರಿಲ್ 30ರ ಆಸುಪಾಸು ಮಧ್ಯಾಹ್ನ 12.30ಕ್ಕೆ, ಮತ್ತೆ ಆಗಸ್ಟ್ 12–13ಕ್ಕೆ 12.38ರ ಹೊತ್ತಿಗೆ. ಮೊದಲನೆಯದಕ್ಕೆ ರಜೆ, ಎರಡನೆಯದಕ್ಕೆ ಮಳೆ. ಹಾಗಾಗಿ ರಜೆಯ ಮನೆಗೆಲಸವಾಗಿ ಕೊಡಿ: 30 ಸೆಂ.ಮೀ. ಕೋಲನ್ನು ತೂಕದ ದಾರ ಇಳಿಬಿಟ್ಟು ನೆಟ್ಟಗೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆಯಲಿ. ಒಂದು ದಿನ ಆಚೀಚೆಯಾದರೂ ನೆರಳು 2 ಮಿ.ಮೀ. ಸುತ್ತಮುತ್ತಲೇ ಇರುತ್ತದೆ, ಕೋಲು ಒಂದು ಡಿಗ್ರಿ ವಾಲಿದರೆ 5 ಮಿ.ಮೀ. ದಾಟುತ್ತದೆ.