ಎಲ್ಲರಿಗೂ ಕರೆ ಬಂದಿದೆ, ನನಗೆ ಮಾತ್ರ ಇಲ್ಲ

ಹೆಸರು ಹಾಕಬೇಡಿ ಅಂತ ಪತ್ರದ ಮೇಲೂ ಕೆಳಗೂ ಎರಡು ಸಲ ಬರೆದಿದ್ದೀರಿ. ಹಾಕುವುದಿಲ್ಲ. ಪತ್ರ ಓದದವರಿಗಾಗಿ ವಿಷಯವನ್ನಷ್ಟೇ ಹೇಳಿಬಿಡುತ್ತೇನೆ.

ನೀವು ಒಂದು ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಎರಡನೇ ಸೆಮಿಸ್ಟರ್ ಓದುತ್ತಿದ್ದೀರಿ. ಪ್ರಾರ್ಥನೆ ಮಾಡದೆ ಊಟಕ್ಕೆ ಕೂರದ ಮನೆ ನಿಮ್ಮದು. ದೇವರಿಗೆ ನನ್ನಿಂದ ಏನಾಗಬೇಕು ಅನ್ನುವುದು ಇಲ್ಲಿಗೆ ಬಂದ ಮೇಲಾದರೂ ಗೊತ್ತಾಗುತ್ತದೆ ಅಂದುಕೊಂಡಿದ್ದಿರಿ. ಮೊದಲ ವಾರವೇ ಆರು ಗುಂಪುಗಳಿಗೆ ಹೆಸರು ಕೊಟ್ಟಿರಿ. ಈಗ ಒಂದರಲ್ಲೂ ಇಲ್ಲ. ಚಾಪೆಲ್‌ಗೆ (ಕಾಲೇಜಿನ ಪ್ರಾರ್ಥನಾ ಮಂದಿರಕ್ಕೆ) ಹೋಗುವುದು ಹಾಜರಿಗೋಸ್ಕರ. ಹಾಸ್ಟೆಲಿನಲ್ಲಿ ಒಬ್ಬೊಬ್ಬರೂ ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದ ಅಂತ ಸಾಕ್ಷಿ ಹೇಳುವಾಗ ನೀವು ತಲೆ ತಗ್ಗಿಸಿ ಕೂತಿರುತ್ತೀರಿ. ಒಬ್ಬರಿಗೆ ನರ್ಸಿಂಗ್‌ಗೆ ದೇವರ ಕರೆ, ಇನ್ನೊಬ್ಬರಿಗೆ ಮಿಷನ್‌ಗೆ ಕರೆ. ‘ನನಗೆ ಮಾತ್ರ ಏನೂ ಕೇಳಿಸಿಲ್ಲ. ಇಲ್ಲಿ ಇದ್ದರೆ ಸುಮ್ನೆ ನಟನೆ ಮಾಡಿದ ಹಾಗೆ. ಬಿಟ್ಟು ಬೇರೆ ಕಡೆ ಸೇರಿಕೊಳ್ಳಲಾ?’ ಎಂದು ಕೇಳಿದ್ದೀರಿ.

ಬಿಡುವ ಮಾತು ಈಗ ಬೇಡ. ಬಿಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಮನಸ್ಸು ಕತ್ತಲಾಗಿರುವಾಗ ಹಳೆಯ ನಿರ್ಧಾರ ಬದಲಾಯಿಸಬಾರದು ಅಂತ ಇಗ್ನೇಷಿಯಸ್ ಲೊಯೋಲಾ ಒಂದು ನಿಯಮ ಮಾಡಿದ್ದರು. ಜೆಸ್ಯುಟ್ ಎಂಬ ಕ್ರೈಸ್ತ ಪಾದ್ರಿಗಳ ಸಂಘ ಕಟ್ಟಿದವರು. ಸೈನಿಕನಾಗಿ ಕಾಲು ಮುರಿಸಿಕೊಂಡು, 33ರ ಆಸುಪಾಸಿನಲ್ಲಿ ಚಿಕ್ಕ ಹುಡುಗರ ಜೊತೆ ಕೂತು ಲ್ಯಾಟಿನ್ ಕಲಿತ ಮನುಷ್ಯ. ಓದಿನ ನಡುವೆ ಬೇಸರ ಬರುವುದು ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮನಸ್ಸು ಒಂದಿಷ್ಟು ತಿಳಿಯಾದ ಮೇಲೂ ಬೇರೆ ಕಡೆ ಹೋಗಬೇಕು ಅನ್ನಿಸಿದರೆ ಧಾರಾಳವಾಗಿ ಹೋಗಿ.

ಇನ್ನು ಕರೆಯ ವಿಷಯ. ನಿಮ್ಮ ಸಂಕಟ ಜಾಸ್ತಿ ಇರುವುದು ಇಲ್ಲೇ.

ಬೈಬಲಿನ ಸಮುವೇಲನ ಕಥೆ ನಿಮಗೆ ಭಾನುವಾರದ ಶಾಲೆಯಿಂದಲೇ ಗೊತ್ತಿರುತ್ತದೆ. ರಾತ್ರಿ ದೇವರು ಹೆಸರು ಹಿಡಿದು ಕರೆಯುತ್ತಾನೆ. ಹುಡುಗ ಎದ್ದು ದೇವಾಲಯದ ಮುದುಕ ಯಾಜಕ ಏಲಿಯ ಹತ್ತಿರ ಓಡುತ್ತಾನೆ, ‘ಕರೆದಿರಾ?’ ಅಂತ. ಒಂದಲ್ಲ, ಮೂರು ಸಲ. ದೇವಾಲಯದಲ್ಲೇ ಮಲಗುವ ಹುಡುಗನಿಗೇ ದೇವರ ದನಿ ಯಾವುದು ಅಂತ ಗೊತ್ತಾಗಲಿಲ್ಲ! ಅದು ಯಾರ ದನಿ ಅಂತ ಕೊನೆಗೆ ಹೇಳಿಕೊಟ್ಟಿದ್ದು ಏಲಿ. ನನಗೆ ಅದಕ್ಕಿಂತ ಇಷ್ಟವಾದ ಸಾಲು ಆಮೇಲೆ ಬರುತ್ತದೆ. ಅಷ್ಟೆಲ್ಲ ಆದ ಮೇಲೆ ಸಮುವೇಲ ಬೆಳಗಿನವರೆಗೆ ಮಲಗಿದ್ದು, ಎದ್ದು, ದೇವಾಲಯದ ಬಾಗಿಲು ತೆರೆದ ಅಂತ ಇದೆ. ಬಾಗಿಲು ತೆರೆಯುವ ಕೆಲಸ ಕರೆ ಬಂದ ಮೇಲೂ ಅವನದೇ ಆಗಿತ್ತು.

ಎರಡನೆಯವರು ಜಾನ್ ವೆಸ್ಲಿ. ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥ ಶುರುವಾಗಿದ್ದು ಇವರಿಂದ. 1729ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಇವರು, ತಮ್ಮ ಚಾರ್ಲ್ಸ್, ಇನ್ನೊಂದಿಬ್ಬರು ಸೇರಿ ಒಂದು ಪುಟ್ಟ ಗುಂಪು ಮಾಡಿಕೊಂಡಿದ್ದರು. ಮರುವರ್ಷದಿಂದ ಜೈಲಿಗೆ ಹೋಗಿ ಕೈದಿಗಳನ್ನು ನೋಡಿಕೊಂಡು ಬರತೊಡಗಿದರು. ಉಳಿದ ವಿದ್ಯಾರ್ಥಿಗಳು ‘ಪವಿತ್ರ ಕ್ಲಬ್’ ಅಂತ ನಕ್ಕರು. ಮೆಥಡಿಸ್ಟ್ ಅನ್ನುವುದೂ ಮೊದಲು ಅಂಥ ಗೇಲಿಯ ಹೆಸರೇ. ಇಷ್ಟೆಲ್ಲ ಮಾಡುತ್ತಿದ್ದವರಿಗೆ ಒಳಗೆ ನಂಬಿಕೆ ಗಟ್ಟಿಯಾಗಿತ್ತು ಅಂದುಕೊಂಡಿರಾ? ಇಲ್ಲ. 1738ರ ಮಾರ್ಚ್‌ನಲ್ಲಿ, ಪಾದ್ರಿಯಾಗಿ ಎಷ್ಟೋ ವರ್ಷವಾದ ಮೇಲೆ, ‘ನನಗೇ ನಂಬಿಕೆ ಇಲ್ಲ, ಬೋಧನೆ ನಿಲ್ಲಿಸಿಬಿಡಲಾ?’ ಅಂತ ಪೀಟರ್ ಬೋಲರ್ ಎಂಬ ಗೆಳೆಯರನ್ನು ಕೇಳಿದ್ದರು. ನಿಮ್ಮ ಪತ್ರದ ಪ್ರಶ್ನೆಯೇ, ಅಲ್ವಾ? ನಿಲ್ಲಿಸಬೇಡಿ, ನಂಬಿಕೆ ಬರುವವರೆಗೂ ಬೋಧಿಸಿ, ಬಂದ ಮೇಲೆ ಬಂದಿದೆ ಅಂತ ಬೋಧಿಸುತ್ತೀರಿ ಎಂದರು ಬೋಲರ್.

ಈ ಸಲಹೆ ನನಗೆ ಅಷ್ಟು ಹಿಡಿಸುವುದಿಲ್ಲ. ಇಲ್ಲದ್ದನ್ನು ಇದೆ ಅಂತ ಹೇಳುವುದು ಅಭ್ಯಾಸವಾದರೆ ಕಷ್ಟ. ಆದರೆ ವೆಸ್ಲಿ ಮಾಡಿದ್ದನ್ನು ನೋಡಿ. ಆ ಮಾತಿನ ನಂತರ ಅವರು ಮೊದಲು ಹೋಗಿ ಮಾತಾಡಿಸಿದ್ದು ಮರಣದಂಡನೆಗೆ ಕಾದಿದ್ದ ಒಬ್ಬ ಕೈದಿಯನ್ನು. ಅದೇ ಹಳೆಯ ಜೈಲಿನ ಕೆಲಸ! ನಂಬಿಕೆ ಬಂದು ಎದೆ ಬೆಚ್ಚಗಾಯಿತು ಅಂತ ಅವರು ಬರೆದುಕೊಂಡ ಸಂಜೆ ಬಂದಿದ್ದು ಆಮೇಲೆ, ಮೇ 24ರಂದು. ಕೈದಿಗಳ ಹತ್ತಿರ ಹೋಗತೊಡಗಿ ಹೆಚ್ಚುಕಡಿಮೆ ಎಂಟು ವರ್ಷ ಆಗಿತ್ತು. ನೀವು ಎಂಟು ತಿಂಗಳಿಗೇ ಹೆದರಿದ್ದೀರಿ.

ಆರು ಗುಂಪು ಜಾಸ್ತಿಯಾಯಿತು. ಆರರಲ್ಲೂ ನೀವು ಬಂದರೂ ಸರಿ, ಬರದಿದ್ದರೂ ಸರಿ. ಹಾಗಿರುವ ಕಡೆ ಯಾರಿಗೂ ಮನಸ್ಸು ನಿಲ್ಲುವುದಿಲ್ಲ. ನಾನೂ ಮಿಷನ್ ಕಾಲೇಜಿನಲ್ಲಿ ಓದಿದವನು. ಭಕ್ತಿಯಲ್ಲಿ ಹಿಂದಿನ ಬೆಂಚು. ಚಾಪೆಲ್‌ಗೆ ಮುಂಚೆ ಹಾಡಿನ ಪುಸ್ತಕ ಹಂಚುವ ಕೆಲಸ ಹೇಗೋ ನನ್ನ ತಲೆಗೆ ಬಂತು. ಒಂದು ದಿನ ನಿದ್ದೆ ಹೋಗಿ ಬೀರುವಿನ ಕೀಲಿ ನನ್ನ ಜೇಬಿನಲ್ಲೇ ಉಳಿಯಿತು. ಅವತ್ತು ಎಲ್ಲರೂ ಪುಸ್ತಕವಿಲ್ಲದೆ, ನೆನಪಿದ್ದ ಮೊದಲ ಚರಣವನ್ನೇ ಮೂರು ಸಲ ಹಾಡಿದರಂತೆ. ಬೈಗುಳ ಚೆನ್ನಾಗಿಯೇ ಬಿತ್ತು. ನಿಜ ಹೇಳುತ್ತೇನೆ, ಬೈಸಿಕೊಳ್ಳುವಾಗ ಒಳಗೊಳಗೇ ಖುಷಿಯಾಗಿತ್ತು. ಆ ಕಾಲೇಜಿನಲ್ಲಿ ನಾನು ಇಲ್ಲದ್ದು ಒಬ್ಬರ ಗಮನಕ್ಕಾದರೂ ಬಂದ ಮೊದಲ ದಿನ ಅದು.

ಹಾಜರಿಗಾಗಿ ಚಾಪೆಲ್‌ನಲ್ಲಿ ಕೂರುವುದಕ್ಕೆ ನಾಚಿಕೆ ಬೇಡ. ನಿಯಮ ಇದೆ, ಕೂತಿದ್ದೀರಿ, ಅಷ್ಟೇ. ನಟನೆಯಾಗುವುದು ಇಲ್ಲದ ಸಾಕ್ಷಿಯನ್ನು ಎದ್ದು ನಿಂತು ಹೇಳಿದರೆ. ನೀವು ಅದನ್ನು ಮಾಡಿಲ್ಲ. ನಿಮ್ಮ ಕಡೆ ಚಾಪ್ಲಿನ್, ಅಂದರೆ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಪಾದ್ರಿ, ಇದ್ದೇ ಇರುತ್ತಾರೆ. ನನಗೆ ಬರೆದ ಇದೇ ಮಾತನ್ನು ಅವರ ಮುಂದೆ ಹೇಳಿ. ಇಂಥವರು ಬಂದು ಬಾಗಿಲು ತಟ್ಟುವುದು ಅವರಿಗೆ ಹೊಸದಲ್ಲ. ಏಲಿಯ ಕೆಲಸಕ್ಕೆ ತಾನೇ ಅವರು ಇರುವುದು.

ಕೊನೆಗೆ ಒಂದು ವಿಷಯ. ನಾಲ್ಕು ಪುಟದ ಪತ್ರದಲ್ಲಿ ಮೂರನೇ ಪುಟದ ನಡುವೆ ಮೂರೇ ಸಾಲು ಇದೆ. ಆರರಲ್ಲಿ ಒಂದು ಗುಂಪಿನ ಜೊತೆ ಒಂದು ಗುರುವಾರ ವೃದ್ಧಾಶ್ರಮಕ್ಕೆ ಹೋಗಿದ್ದಿರಿ. ಕಣ್ಣು ಕಾಣದ ಅಜ್ಜಿಯೊಬ್ಬರಿಗೆ ಪೇಪರ್ ಓದಿದಿರಿ. ಮೊದಲು ನಿಧನ ವಾರ್ತೆ ಓದು, ಆಮೇಲೆ ಉಳಿದಿದ್ದು ಅಂದರು ಅವರು. ಹೊರಡುವಾಗ ‘ಮುಂದಿನ ವಾರ ಬರ್ತೀಯಲ್ಲ?’ ಅಂತ ಕೇಳಿದರು. ಆ ಗುಂಪು ನಿಂತುಹೋಯಿತು, ನೀವೂ ಹೋಗಲಿಲ್ಲ. ಇಡೀ ಪತ್ರದಲ್ಲಿ ನೀವು ನಕ್ಕಿದ್ದು ಕಾಣಿಸುವುದು ಅಲ್ಲಿ ಮಾತ್ರ.

ಗುಂಪು ಇಲ್ಲದಿದ್ದರೆ ಏನಂತೆ, ವೃದ್ಧಾಶ್ರಮದವರಿಗೆ ಒಂದು ಫೋನ್ ಮಾಡಿ ಕೇಳಿ. ಈ ಸಂಚಿಕೆ ನಿಮ್ಮ ಕೈ ಸೇರುವುದು ಸೋಮವಾರವೋ ಮಂಗಳವಾರವೋ ಇರಬೇಕು. ಗುರುವಾರಕ್ಕೆ ಇನ್ನೂ ಸಮಯವಿದೆ. ಹೋಗುವಾಗ ಪೇಪರ್ ಮರೆಯಬೇಡಿ.